ಹಳೆಯ ಧ್ವನಿ ಉಪಕರಣಗಳ ಮಂಕಾದ ಡಯಲ್: ದುರಸ್ತಿಯ ಕ್ರಮ ಮತ್ತು ಲೆಕ್ಕಾಚಾರ

ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗಕ್ಕೂ ಸಂಗೀತಕ್ಕೂ ಇರುವ ನಂಟು ಹಳೆಯದು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886–1952) ಅವರು ಕುಂದಗೋಳದಲ್ಲಿದ್ದು ಶಿಷ್ಯರನ್ನು ಸಿದ್ಧಪಡಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ಕಲಿತರು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸಂಗೀತ ಸುತ್ತಲಿನ ಊರುಗಳ ಮನೆಯೊಳಗೇ ಬಂದಿತು. ಅಡತಿ ಅಂಗಡಿಗಳಲ್ಲಿ, ಜಿನ್ನಿಂಗ್ ಕಾರ್ಖಾನೆಯ ಮಾಲೀಕರ ಮನೆಗಳಲ್ಲಿ, ಶಿಕ್ಷಕರ ಮನೆಗಳಲ್ಲಿ ಮೊದಲು ವಾಲ್ವ್ ರೇಡಿಯೋ, ನಂತರ ಸ್ಪೂಲ್ ಟೇಪ್ ರೆಕಾರ್ಡರ್, ಆ ಮೇಲೆ ಕ್ಯಾಸೆಟ್ ಡೆಕ್ ಮತ್ತು ಸ್ಟೀರಿಯೋ ರಿಸೀವರ್‌ಗಳು ಸ್ಥಾನ ಪಡೆದವು.

ಈ ಯಂತ್ರಗಳಲ್ಲಿ ಉಳಿದುಕೊಂಡಿರುವವು ಇಂದು ದುರಸ್ತಿಗೆ ಬರುವಾಗ ಅನೇಕ ವೇಳೆ ಒಂದೇ ದೂರು ಕೇಳಿಬರುತ್ತದೆ: ಧ್ವನಿ ಚೆನ್ನಾಗಿದೆ, ಆದರೆ ಡಯಲ್ ಕಾಣುವುದಿಲ್ಲ, ಅಂಕಿಗಳು ಮಂಕಾಗಿವೆ. ಇಷ್ಟಕ್ಕೇ ಯಂತ್ರ ಕೆಟ್ಟಿತೆಂದು ತಿಳಿದು ಗುಜರಿಗೆ ಹಾಕುವವರಿದ್ದಾರೆ. ಹಾಗೆ ಹಾಕಿದಾಗ ಹೋಗುವುದು ಯಂತ್ರವೊಂದೇ ಅಲ್ಲ. ಮನೆಯಲ್ಲಿ ಉಳಿದಿರುವ ಸ್ಪೂಲು, ಕ್ಯಾಸೆಟ್ಟುಗಳಲ್ಲಿ ಹಿರಿಯರ ಧ್ವನಿ, ಊರಿನ ಭಜನೆ, ಬೈಠಕ್ಕಿನ ಹಾಡುಗಾರಿಕೆ ಏನೇ ಇದ್ದರೂ ಅದನ್ನು ಕೇಳುವ ಸಾಧನವೂ ಅದರೊಡನೆ ಹೋಗುತ್ತದೆ. ದುರಸ್ತಿ ಮಾಡುವವರ ಪಾಲಿಗೆ ಕೈಗೆ ಬಂದ ಉದ್ಯೋಗ ತಪ್ಪುತ್ತದೆ.

ಮಂಕು ಎಂಬುದು ರೋಗವಲ್ಲ, ರೋಗದ ಲಕ್ಷಣ. ಬೆಳಕು ಕೊಡುವ ಭಾಗವೇ ಸವೆದಿದೆಯೇ, ಅಥವಾ ಆ ಭಾಗಕ್ಕೆ ತಲುಪಬೇಕಾದ ವಿದ್ಯುತ್ತು ಸರಿಯಾಗಿ ತಲುಪುತ್ತಿಲ್ಲವೇ ಎಂಬ ಒಂದು ಪ್ರಶ್ನೆಯ ಉತ್ತರದ ಮೇಲೆ ಇಡೀ ಕೆಲಸದ ಖರ್ಚು, ಬೆಲೆ ಮತ್ತು ಲಾಭ ನಿಂತಿವೆ. ಮೊದಲನೆಯದಾದರೆ ಬದಲಿ ಭಾಗ ಹುಡುಕಬೇಕು, ಅದು ದುಬಾರಿ. ಎರಡನೆಯದಾದರೆ ಕೆಲವು ರೂಪಾಯಿಗಳ ಕಂಡೆನ್ಸರ್ ಅಥವಾ ರೆಸಿಸ್ಟರ್ ಸಾಕಾಗಬಹುದು.

ಡಯಲ್ ಬಲ್ಬ್ ಇರುವ ಯಂತ್ರಗಳು

ವಾಲ್ವ್ ರೇಡಿಯೋಗಳಲ್ಲಿ ಡಯಲ್ ಗಾಜಿನ ಹಿಂದೆ ಸಾಮಾನ್ಯವಾಗಿ 6.3 ವೋಲ್ಟಿನ, 0.15 ಅಥವಾ 0.3 ಆಂಪಿಯರಿನ ಚಿಕ್ಕ ಬಲ್ಬುಗಳಿರುತ್ತವೆ. 1970ರ ದಶಕದ ಅನೇಕ ಸ್ಟೀರಿಯೋ ರಿಸೀವರ್‌ಗಳಲ್ಲಿ ಗಾಜಿನ ಫ್ಯೂಜಿನ ಆಕಾರದ, 6 ರಿಂದ 8 ವೋಲ್ಟಿನ ಬಲ್ಬುಗಳಿವೆ. ಕಾಲ ಕಳೆದಂತೆ ಟಂಗ್‌ಸ್ಟನ್ ತಂತು ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಬಲ್ಬು ಉರಿಯುತ್ತಿದ್ದರೂ ಬೆಳಕು ಹೊರಬರುವುದಿಲ್ಲ. ಇದಕ್ಕೆ ಬಲ್ಬು ಬದಲಿಸುವುದೇ ಉಪಾಯ.

ಬಲ್ಬು ಬದಲಿಸುವ ಮೊದಲು ಅದರ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ತಂತಿನ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಅದೇ ವೋಲ್ಟೇಜ್ ಶೇ. 10ರಷ್ಟು ಹೆಚ್ಚಾದರೆ ಬಲ್ಬಿನ ಆಯುಷ್ಯ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಳ್ಳಿಯ ಲೈನಿನ ಕೊನೆಯಲ್ಲಿರುವ ಮನೆಗೆ ಸಂಜೆಯ ಹೊತ್ತು 230 ವೋಲ್ಟಿನ ಬದಲು 200 ವೋಲ್ಟ್ ಮಾತ್ರ ಬರುತ್ತಿದ್ದರೆ ಡಯಲ್ ಮಂಕಾಗುವುದು ಯಂತ್ರದ ದೋಷವಲ್ಲ. ಅಂಗಡಿಯಲ್ಲಿ ಬೆಳಗಿದ ಡಯಲ್ ಮನೆಗೆ ಹೋದೊಡನೆ ಮತ್ತೆ ಮಂಕಾಯಿತೆಂದು ಗಿರಾಕಿ ಮರಳಿ ಬಂದರೆ ಮೊದಲು ವಿಚಾರಿಸಬೇಕಾದದ್ದು ಅವರ ಮನೆಯ ವೋಲ್ಟೇಜನ್ನು.

ಯಂತ್ರದ ಹಿಂಬದಿಯ ವೋಲ್ಟೇಜ್ ಆಯ್ಕೆಯ ಸ್ವಿಚ್ಚು ಯಾವ ಸ್ಥಾನದಲ್ಲಿದೆ ಎಂಬುದನ್ನೂ ನೋಡತಕ್ಕದ್ದು. ಜಪಾನಿನ ಒಳಮಾರುಕಟ್ಟೆಗಾಗಿ ತಯಾರಾದ ಯಂತ್ರಗಳು 100 ವೋಲ್ಟಿನವು. ಅವುಗಳನ್ನು 110 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದರೆ ಬಲ್ಬು ಪ್ರಕಾಶಮಾನವಾಗಿ ಉರಿದು ಬೇಗನೆ ಸಾಯುತ್ತದೆ.

ಬಲ್ಬಿನ ಹಿಂದಿನ ಬಿಳಿ ಬಣ್ಣದ ತಗಡು ಅಥವಾ ಕಾಗದ ಹಳದಿಯಾಗಿ, ಧೂಳು ಹಿಡಿದು ಬೆಳಕನ್ನು ನುಂಗುವುದೂ ಉಂಟು. ಅದನ್ನು ಶುಚಿಗೊಳಿಸಿ ಹೊಸ ಬಿಳಿ ಕಾಗದ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಡಯಲ್ ಗಾಜಿನ ವಿಷಯದಲ್ಲಿ ಬಹಳ ಎಚ್ಚರ ಅಗತ್ಯ. ಕೇಂದ್ರಗಳ ಹೆಸರು ಮತ್ತು ಮೀಟರಿನ ಅಂಕಿಗಳನ್ನು ಗಾಜಿನ ಹಿಂಬದಿಯಲ್ಲಿ ಬಣ್ಣದಿಂದ ಅಚ್ಚು ಹಾಕಿರುತ್ತಾರೆ. ಸ್ಪಿರಿಟ್ ಅಥವಾ ಒದ್ದೆ ಬಟ್ಟೆಯಿಂದ ಹಿಂಬದಿ ಒರೆಸಿದರೆ ಅಕ್ಷರಗಳೇ ಅಳಿಸಿಹೋಗುತ್ತವೆ. ಅವು ಮರಳಿ ಬರುವುದಿಲ್ಲ. ಹಿಂಬದಿಗೆ ಮೃದುವಾದ ಒಣ ಕುಂಚ ಮಾತ್ರ ಸಾಕು.

ಎಲ್.ಇ.ಡಿ. ಹಾಕುವಾಗ

ಹಳೆಯ ಬಲ್ಬಿನ ಸ್ಥಾನದಲ್ಲಿ ಎಲ್.ಇ.ಡಿ. ಹಾಕುವ ಪದ್ಧತಿ ಈಗ ರೂಢಿಯಲ್ಲಿದೆ. 0.3 ಆಂಪಿಯರಿನ ಬಲ್ಬು ಸುಮಾರು 1.9 ವ್ಯಾಟ್ ಉಪಯೋಗಿಸುತ್ತದೆ, ಎಲ್.ಇ.ಡಿ.ಗೆ ಅದರ ಅಲ್ಪ ಭಾಗ ಸಾಕು, ಶಾಖವೂ ಕಡಿಮೆ. ಆದರೆ ಅದನ್ನು ನೇರವಾಗಿ ಜೋಡಿಸುವಂತಿಲ್ಲ. 6.3 ವೋಲ್ಟಿನ ಎ.ಸಿ.ಯನ್ನು ನಾಲ್ಕು ಡಯೋಡುಗಳ ಸೇತುವೆ ಮತ್ತು ಕಂಡೆನ್ಸರಿನಿಂದ ಡಿ.ಸಿ. ಮಾಡಿದಾಗ ಸುಮಾರು 7.5 ವೋಲ್ಟ್ ದೊರೆಯುತ್ತದೆ. ಬಿಳಿ ಎಲ್.ಇ.ಡಿ.ಗೆ 3 ವೋಲ್ಟ್ ಹೋದರೆ ಉಳಿಯುವುದು 4.5 ವೋಲ್ಟ್. 15 ಮಿಲಿಆಂಪಿಯರಿಗೆ ಲೆಕ್ಕ ಹಾಕಿದರೆ 300 ಓಮ್. ಪೇಟೆಯಲ್ಲಿ ಸಿಗುವ 330 ಓಮಿನ ರೆಸಿಸ್ಟರ್ ಸರಿಹೊಂದುತ್ತದೆ. ಹಳೆಯ ಬಲ್ಬಿನ ಬೆಚ್ಚನೆಯ ಬಣ್ಣಕ್ಕೆ ಹೊಂದುವ ಹಳದಿ ಛಾಯೆಯ ಎಲ್.ಇ.ಡಿ.ಯನ್ನೇ ಆರಿಸಬೇಕು. ನೀಲಿ ಛಾಯೆಯದನ್ನು ಹಾಕಿದರೆ ಹಸಿರು, ನೀಲಿ ಫಿಲ್ಟರುಗಳ ಮೂಲ ಬಣ್ಣ ಕೆಟ್ಟು, ಸಂಗ್ರಾಹಕರ ದೃಷ್ಟಿಯಲ್ಲಿ ಯಂತ್ರದ ಬೆಲೆ ಇಳಿಯುತ್ತದೆ.

ಒಂದು ಜಾತಿಯ ರೇಡಿಯೋಗಳಲ್ಲಿ ಮಾತ್ರ ಎಲ್.ಇ.ಡಿ. ಹಾಕಲೇಬಾರದು. ಎ.ಸಿ.–ಡಿ.ಸಿ. ಎರಡರಲ್ಲೂ ನಡೆಯುವ, ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟುಗಳಲ್ಲಿ ಎಲ್ಲ ವಾಲ್ವುಗಳ ತಂತುಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಡಯಲ್ ಬಲ್ಬು ಆ ಸರಪಳಿಯ ಒಂದು ಕೊಂಡಿಯಾಗಿರಬಹುದು. ಅಲ್ಲಿ ಬಲ್ಬನ್ನು ಬದಲಿಸಿದರೆ ವಾಲ್ವುಗಳ ವಿದ್ಯುತ್ ಪ್ರವಾಹವೇ ಏರುಪೇರಾಗುತ್ತದೆ. ಇಂಥ ಸೆಟ್ಟಿಗೆ ಅದೇ ಅಳತೆಯ ಬಲ್ಬೇ ಆಗಬೇಕು.

ಮ್ಯಾಜಿಕ್ ಐ

ಕೇಂದ್ರ ಸರಿಯಾಗಿ ಹಿಡಿದಿದೆಯೇ ಎಂದು ತೋರಿಸುವ ಹಸಿರು ಬೆಳಕಿನ ವಾಲ್ವಿಗೆ ಮ್ಯಾಜಿಕ್ ಐ ಎಂದು ಹೆಸರು. ಇ.ಎಂ.80 ಮತ್ತು ಇ.ಎಂ.84 ಅದರ ಪರಿಚಿತ ನಮೂನೆಗಳು. ಇದರೊಳಗಿನ ಹೊಳೆಯುವ ಲೇಪ ವರ್ಷಗಳ ಬಳಕೆಯಲ್ಲಿ ಸವೆಯುತ್ತದೆ. ಸವೆದ ಲೇಪಕ್ಕೆ ದುರಸ್ತಿಯಿಲ್ಲ, ವಾಲ್ವನ್ನೇ ಬದಲಿಸಬೇಕು. ಆದರೆ ಹಾಗೆಂದು ನಿರ್ಧರಿಸುವ ಮುನ್ನ ಸುಮಾರು 250 ವೋಲ್ಟಿನ ಪೂರೈಕೆ ಅದಕ್ಕೆ ತಲುಪುತ್ತಿದೆಯೇ ಎಂದು ಪರೀಕ್ಷಿಸಬೇಕು. ಬೆಳಕು ಇದ್ದು, ಟ್ಯೂನ್ ಮಾಡಿದಾಗ ಕಣ್ಣು ಅಲುಗಾಡದಿದ್ದರೆ ಸಂಶಯ ಹೋಗಬೇಕಾದದ್ದು ಸಾಕೆಟ್ಟಿನ ಬಳಿಯ ಹೆಚ್ಚಿನ ಓಮಿನ ರೆಸಿಸ್ಟರಿನ ಮೇಲೆ. ಹಳೆಯ ಕಾರ್ಬನ್ ರೆಸಿಸ್ಟರುಗಳ ಮೌಲ್ಯ ಕಾಲಾಂತರದಲ್ಲಿ ಏರುವುದು ಸಾಮಾನ್ಯ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಆದ್ದರಿಂದ ಹಳೆಯ ರೇಡಿಯೋ ಅಂಗಡಿಗಳ ಮಾಡದಲ್ಲಿ ಬಳಸದ ವಾಲ್ವುಗಳ ಪೆಟ್ಟಿಗೆ ದೊರೆತರೆ ಗುಜರಿಯ ತೂಕದಲ್ಲಿ ಮಾರದೆ, ಒಂದೊಂದನ್ನೂ ನಮೂನೆಯ ಹೆಸರಿನಿಂದ ಪಟ್ಟಿ ಮಾಡುವುದು ವ್ಯಾಪಾರಸ್ಥರಿಗೆ ಹಿತ.

ವಿ.ಎಫ್.ಡಿ. ಫಲಕಗಳು

1980 ಮತ್ತು 1990ರ ದಶಕಗಳ ಅನೇಕ ಕ್ಯಾಸೆಟ್ ಡೆಕ್, ಟ್ಯೂನರ್ ಮತ್ತು ಸಿ.ಡಿ. ಪ್ಲೇಯರುಗಳಲ್ಲಿ ನೀಲಿ-ಹಸಿರು ಬಣ್ಣದಲ್ಲಿ ಹೊಳೆಯುವ ಅಂಕಿಗಳಿರುತ್ತವೆ. ಇದು ಜಪಾನಿನಲ್ಲಿ 1960ರ ದಶಕದಲ್ಲಿ ರೂಪುಗೊಂಡ ವಿ.ಎಫ್.ಡಿ. ಎಂಬ ಫಲಕ. ಗಾಳಿ ತೆಗೆದ ಚಪ್ಪಟೆ ಗಾಜಿನ ಪೆಟ್ಟಿಗೆಯೊಳಗೆ ಕೂದಲಿಗಿಂತ ತೆಳುವಾದ ತಂತುಗಳು ಕಾಯುತ್ತವೆ. ಅವುಗಳಿಂದ ಹೊರಟ ಎಲೆಕ್ಟ್ರಾನುಗಳು ಜಾಲರಿಯನ್ನು ದಾಟಿ, ಸತುವಿನ ಆಕ್ಸೈಡಿನ ಲೇಪವಿರುವ ಅಂಕಿಗಳ ಮೇಲೆ ಬಿದ್ದಾಗ ಅವು ಹೊಳೆಯುತ್ತವೆ. ಆದ್ದರಿಂದ ಈ ಫಲಕಕ್ಕೆ ಎರಡು ಬಗೆಯ ಪೂರೈಕೆ ಬೇಕು: ತಂತು ಕಾಯಿಸಲು ಕೆಲವೇ ವೋಲ್ಟ್, ಎಲೆಕ್ಟ್ರಾನುಗಳನ್ನು ಸೆಳೆಯಲು ಅನೇಕ ಯಂತ್ರಗಳಲ್ಲಿ 20 ರಿಂದ 40 ವೋಲ್ಟ್. ಇವೆರಡರಲ್ಲಿ ಯಾವುದು ಕುಗ್ಗಿದರೂ ಅಂಕಿ ಮಂಕಾಗುತ್ತದೆ.

ಕತ್ತಲೆಯ ಕೋಣೆಯಲ್ಲಿ ಫಲಕವನ್ನು ಗಮನವಿಟ್ಟು ನೋಡಿದರೆ ಅದೇ ಬಹಳಷ್ಟನ್ನು ತಿಳಿಸುತ್ತದೆ.

1. ಎಲ್ಲ ಅಂಕಿಗಳೂ ಒಂದೇ ಸಮನಾಗಿ ಮಂಕಾಗಿದ್ದರೆ ಮೊದಲ ಸಂಶಯ ಪೂರೈಕೆಯ ಮೇಲೆ.

2. ಆರಂಭದಲ್ಲಿ ಸರಿಯಾಗಿದ್ದು ಕಾದ ನಂತರ ಮಂಕಾದರೆ ಕಂಡೆನ್ಸರ್ ಅಥವಾ ಬಿರುಕು ಬಿಟ್ಟ ಬೆಸುಗೆ ಕಾರಣವಾಗಿರಬಹುದು.

3. ಸದಾ ಉರಿಯುವ ಅಕ್ಷರಗಳು ಮಾತ್ರ ಮಂಕಾಗಿ, ಅಪರೂಪಕ್ಕೆ ಉರಿಯುವವು ಪ್ರಕಾಶಮಾನವಾಗಿದ್ದರೆ ಲೇಪ ಸವೆದಿದೆ. ಗಡಿಯಾರ ತೋರಿಸುವ ಯಂತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

4. ಅಡ್ಡಲಾಗಿ ಒಂದು ಪಟ್ಟಿಯಷ್ಟೇ ಕತ್ತಲಾಗಿದ್ದರೆ ಅಲ್ಲಿಯ ತಂತು ತುಂಡಾಗಿದೆ.

5. ತಂತುಗಳು ಕಿತ್ತಳೆ ಬಣ್ಣದಲ್ಲಿ ಎದ್ದು ಕಾಣುತ್ತಿದ್ದರೆ ತಂತಿನ ವೋಲ್ಟೇಜ್ ಹೆಚ್ಚಾಗಿದೆ. ಕೂಡಲೇ ಬಂದ್ ಮಾಡಬೇಕು.

6. ಗಾಜಿನ ಮೂಲೆಯಲ್ಲಿರುವ ಬೆಳ್ಳಿಯಂಥ ಕಲೆ ಬಿಳಿಯಾಗಿದ್ದರೆ ಒಳಗೆ ಗಾಳಿ ಸೇರಿದೆ. ಆ ಫಲಕ ಸತ್ತಂತೆಯೇ. ವಾಲ್ವುಗಳಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.

ಮೇಲಿನ 1 ಮತ್ತು 2ನೆಯ ಲಕ್ಷಣಗಳಲ್ಲಿ ದುರಸ್ತಿ ಅಗ್ಗ. ಪೂರೈಕೆಯ ಭಾಗದಲ್ಲಿ ಸದಾ ಬಿಸಿಯಾಗುವ ಟ್ರಾನ್ಸಿಸ್ಟರ್, ಝೀನರ್ ಡಯೋಡ್ ಮತ್ತು ಅವುಗಳ ಪಕ್ಕದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನು ಮೊದಲು ನೋಡಬೇಕು. ಶಾಖಕ್ಕೆ ಕಂಡೆನ್ಸರಿನ ಒಳಗಿನ ದ್ರವ ಒಣಗುತ್ತದೆ. ಬದಲಿಗೆ ಅದೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ, 105 ಡಿಗ್ರಿ ತಡೆಯುವ ಕಂಡೆನ್ಸರ್ ಹಾಕುವುದು ಉತ್ತಮ. ಅನೇಕ ಯಂತ್ರಗಳಲ್ಲಿ ಈ ಪೂರೈಕೆ ಋಣ ವೋಲ್ಟೇಜ್ ಆಗಿರುತ್ತದೆ. ಅಂಥಲ್ಲಿ ಕಂಡೆನ್ಸರಿನ ಧನ ತುದಿ ಅರ್ಥಿಗೆ ಹೋಗಬೇಕು. ಅಭ್ಯಾಸಬಲದಿಂದ ತಿರುವುಮುರುವಾಗಿ ಹಾಕಿದರೆ ಅದು ಸಿಡಿಯುತ್ತದೆ. ಹಳೆಯದನ್ನು ಬಿಚ್ಚುವ ಮೊದಲು ಅದರ ದಿಕ್ಕನ್ನು ಗುರುತು ಹಾಕಿಕೊಳ್ಳುವುದು ಕ್ಷೇಮ.

ಸವೆದ ಫಲಕದ ತಂತಿಗೆ ಸ್ವಲ್ಪ ಹೊತ್ತು ಹೆಚ್ಚು ವೋಲ್ಟ್ ಕೊಟ್ಟು ಬೆಳಕು ಮರಳಿಸುವ ಒಂದು ಪ್ರಯೋಗವಿದೆ. ಇದು ತಂತಿನ ಮೇಲ್ಮೈ ದುರ್ಬಲವಾಗಿದ್ದಾಗ ಫಲ ಕೊಡಬಹುದು. ಅಂಕಿಗಳ ಲೇಪ ಸವೆದಿದ್ದರೆ ಯಾವ ಪ್ರಯೋಜನವೂ ಇಲ್ಲ. ತಂತು ಸುಟ್ಟುಹೋಗುವ ಅಪಾಯವೂ ಇದೆ. ಆದ್ದರಿಂದ ಗಿರಾಕಿಯ ಲಿಖಿತ ಒಪ್ಪಿಗೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಸವೆದ ಫಲಕಕ್ಕೆ ಉಳಿಯುವ ದಾರಿಯೆಂದರೆ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರದಿಂದ ಫಲಕ ತೆಗೆದು ಹಾಕುವುದು.

ಜೀವರಕ್ಷಣೆ

ವಾಲ್ವ್ ಸೆಟ್ಟಿನಲ್ಲಿ 250 ರಿಂದ 300 ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ನಂತರವೂ ಕಂಡೆನ್ಸರಿನಲ್ಲಿ ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ನಂತರವೇ ಕೈ ಇಡಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಿನ ಇಡೀ ಚಾಸಿಯಲ್ಲಿಯೇ ಮೇನ್ ಲೈನಿನ ವಿದ್ಯುತ್ತು ಹರಿಯುವ ಸಂಭವವಿದ್ದು, ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ತೆರೆಯಲೇಬಾರದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ಮೊದಲ ಸಲ ಚಾಲೂ ಮಾಡುವಾಗ 60 ಅಥವಾ 100 ವ್ಯಾಟಿನ ತಂತಿನ ಬಲ್ಬನ್ನು ಸೀರೀಸಿನಲ್ಲಿ ಹಾಕುವ ಹಳೆಯ ಮೆಕ್ಯಾನಿಕರ ಪದ್ಧತಿ ಇಂದಿಗೂ ಸರಿಯಾದುದು. ಬಲ್ಬು ಪೂರ್ಣ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಅಂದಾಜು ಪತ್ರ ಮತ್ತು ಬಿಡಿಭಾಗಗಳ ದಾಸ್ತಾನು

ಕುಂದಗೋಳ, ಅಣ್ಣಿಗೇರಿಗಳಿಗೆ ರೈಲು ಇದೆ. ನವಲಗುಂದ, ಕಲಘಟಗಿಗಳಿಂದ ಬಸ್ಸೇ ಗತಿ. ಯಾವ ಊರಿನಿಂದಾದರೂ ಒಂದು ಕಂಡೆನ್ಸರಿಗಾಗಿ ಹುಬ್ಬಳ್ಳಿಗೆ ಹೋಗಿಬಂದರೆ ಪ್ರಯಾಣದ ವೆಚ್ಚ, ಮುಚ್ಚಿದ ಅಂಗಡಿಯ ಅರ್ಧ ದಿನ ಎರಡೂ ಸೇರಿ ಬಿಡಿಭಾಗದ ಬೆಲೆಯನ್ನು ಹತ್ತಾರು ಪಟ್ಟು ಮೀರುತ್ತವೆ. ಹೀಗಿರುವಲ್ಲಿ ಸಾಮಾನ್ಯ ಡಯಲ್ ಬಲ್ಬುಗಳು, ಹಳದಿ ಛಾಯೆಯ ಎಲ್.ಇ.ಡಿ.ಗಳು, 50 ಮತ್ತು 63 ವೋಲ್ಟಿನ ಕಂಡೆನ್ಸರುಗಳು, ಝೀನರ್ ಡಯೋಡುಗಳು ಮತ್ತು ಕೆಲವು ರೆಸಿಸ್ಟರುಗಳನ್ನು ಒಂದೇ ಸಲ ತಂದು ದಾಸ್ತಾನು ಇಡುವುದು ಲಾಭಕರ.

ರೋಗನಿದಾನದ ಬೆಲೆ ಎಷ್ಟೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಮಂಕಾದ ಡಿಸ್‌ಪ್ಲೇಯ ಡೆಕ್ ಒಂದನ್ನು ರೂ. 3,000ಕ್ಕೆ ಕೊಂಡು, ಸರಿಪಡಿಸಿದ ನಂತರ ರೂ. 6,000ಕ್ಕೆ ಮಾರಬಹುದೆಂದು ಭಾವಿಸಿದಲ್ಲಿ, ದೋಷ ಪೂರೈಕೆಯದಾಗಿದ್ದರೆ ಬಿಡಿಭಾಗ ರೂ. 150, ಕೂಲಿ ರೂ. 600 ಹೋಗಿ ರೂ. 2,250 ಉಳಿಯುತ್ತದೆ. ಫಲಕವೇ ಸವೆದಿದ್ದು, ಅದಕ್ಕಾಗಿ ಮತ್ತೊಂದು ಯಂತ್ರವನ್ನು ರೂ. 2,500ಕ್ಕೆ ಕೊಳ್ಳಬೇಕಾಗಿ ಬಂದರೆ, ಅದೇ ಕೂಲಿಯಲ್ಲಿ ನಷ್ಟ ರೂ. 100. ಕೊಳ್ಳುವ ಮುನ್ನ ಕತ್ತಲೆಯಲ್ಲಿ ಐದು ನಿಮಿಷ ಫಲಕವನ್ನು ನೋಡಿದ್ದರೆ ಖರೀದಿಯ ಬೆಲೆಯನ್ನು ಚೌಕಾಶಿ ಮಾಡಬಹುದಿತ್ತು, ಇಲ್ಲವೇ ವ್ಯವಹಾರವನ್ನೇ ಬಿಡಬಹುದಿತ್ತು.

ಗಿರಾಕಿಯ ಯಂತ್ರವಾದರೆ ಪರೀಕ್ಷಾ ಶುಲ್ಕ, ದುರಸ್ತಿಯ ಅಂದಾಜು, ಮೂಲ ಬಲ್ಬೇ ಅಥವಾ ಎಲ್.ಇ.ಡಿ.ಯೇ, ತೆಗೆದ ಹಳೆಯ ಭಾಗ ಮರಳಿ ಕೊಡುವುದೇ ಎಂಬುದನ್ನು ಮೊದಲೇ ಬರೆದುಕೊಟ್ಟು ಸಹಿ ಪಡೆಯುವುದು ಇಬ್ಬರಿಗೂ ಒಳಿತು.

ತೆರಿಗೆ ಮತ್ತು ಲೆಕ್ಕಪತ್ರ

ಇಂಥ ಉಪಕರಣಗಳ ದುರಸ್ತಿ ಸೇವೆಗೆ ಜಿ.ಎಸ್.ಟಿ. ದರ ಶೇ. 18. ಸೇವೆ ಒದಗಿಸುವವರ ಒಟ್ಟು ವಹಿವಾಟು ವರ್ಷಕ್ಕೆ ರೂ. 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಕರ್ನಾಟಕದಲ್ಲಿ ಕೇವಲ ಸರಕು ಮಾರುವವರಿಗೆ ಈ ಮಿತಿ ರೂ. 40 ಲಕ್ಷ. ದುರಸ್ತಿಯನ್ನೂ ಮಾರಾಟವನ್ನೂ ಒಟ್ಟಿಗೆ ಮಾಡುವವರು 40 ಲಕ್ಷದ ಮಿತಿಯನ್ನು ನಂಬಿ ಕೂರಬಾರದು.

ನೋಂದಾಯಿತ ವ್ಯಾಪಾರಸ್ಥರು ಹಳೆಯ ಯಂತ್ರ ಕೊಂಡು ಮಾರುವಾಗ ಜಿ.ಎಸ್.ಟಿ. ನಿಯಮ 32(5)ರ ಅನುಕೂಲವನ್ನು ಮರೆಯಬಾರದು. ಬಳಸಿದ ವಸ್ತುವನ್ನು ಇದ್ದ ಹಾಗೆಯೇ, ಅಥವಾ ಅದರ ಸ್ವರೂಪ ಬದಲಾಗದಂಥ ಸಣ್ಣ ಸಂಸ್ಕರಣೆಯ ನಂತರ ಮಾರಿದಾಗ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ಮೇಲಿನ ಉದಾಹರಣೆಯಲ್ಲಿ ಶೇ. 18ರಂತೆ ರೂ. 6,000ದ ಮೇಲೆ ರೂ. 1,080ರ ಬದಲು, ರೂ. 3,000ದ ಅಂತರದ ಮೇಲೆ ರೂ. 540 ಆಗುತ್ತದೆ. ದುರಸ್ತಿಯ ಖರ್ಚನ್ನು ಈ ಅಂತರದಿಂದ ಕಳೆಯಲು ಬರುವುದಿಲ್ಲ. ಖರೀದಿ ಬೆಲೆಗೆ ಆಧಾರ ಬೇಕಾದ್ದರಿಂದ ಮನೆಯವರಿಂದ ಕೊಂಡಾಗಲೂ ಹೆಸರು, ವಿಳಾಸ, ಯಂತ್ರದ ಕ್ರಮಾಂಕ, ಮೊತ್ತ ನಮೂದಿಸಿದ ಸಹಿಯುಳ್ಳ ರಶೀದಿ ಇರತಕ್ಕದ್ದು.

ವರ್ಷಾಂತ್ಯದ ದಾಸ್ತಾನಿನಲ್ಲಿ ಬಿಡಿಭಾಗಕ್ಕಾಗಿ ಇಟ್ಟ ಕೆಟ್ಟ ಯಂತ್ರಗಳನ್ನು ಖರೀದಿ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಗಿರಾಕಿಗಳು ದುರಸ್ತಿಗೆ ಬಿಟ್ಟ ಯಂತ್ರಗಳು ಅಂಗಡಿಯ ದಾಸ್ತಾನಲ್ಲ. ಅವುಗಳಿಗೆ ಪ್ರತ್ಯೇಕ ರಜಿಸ್ಟರ್ ಬೇಕು.

ಮೈಕ್‌ಸೆಟ್ ಬಾಡಿಗೆ ಕೊಡುವವರು ತಮ್ಮದೇ ಆಂಪ್ಲಿಫಾಯರಿನ ಮಂಕಾದ ಮೀಟರನ್ನು ಸರಿಪಡಿಸಿದರೆ ಅದು ಚಾಲ್ತಿ ದುರಸ್ತಿಯ ವೆಚ್ಚ. ಇದ್ದ ಆಸ್ತಿಯನ್ನು ಕಾಪಾಡುವುದು ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ಅಸ್ತಿತ್ವಕ್ಕೆ ತರುವುದು ಅಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ದುರಸ್ತಿ ಅಸಾಧ್ಯವಾದ ಯಂತ್ರಗಳನ್ನು ಬಯಲಿನಲ್ಲಿ ಸುಡುವುದಾಗಲೀ ಕಸದಲ್ಲಿ ಎಸೆಯುವುದಾಗಲೀ ಸಲ್ಲದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ನೋಂದಣಿ ಬಂಧನದಿಂದ ಅತಿ ಸಣ್ಣ ಉದ್ಯಮಗಳು ಹೊರಗಿದ್ದರೂ, ಉಪಯುಕ್ತ ಬಿಡಿಭಾಗ ತೆಗೆದ ನಂತರ ಉಳಿದುದನ್ನು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವುದೇ ಸರಿಯಾದ ಕ್ರಮ.

ಒಟ್ಟಿನಲ್ಲಿ, ಮೀಟರ್ ಹಿಡಿದು ಪೂರೈಕೆಯನ್ನು ಅಳೆಯುವ ಮೊದಲು ಯಾವ ಯಂತ್ರಕ್ಕೂ ಆಯುಷ್ಯ ಮುಗಿಯಿತೆಂದು ಹೇಳಬಾರದು, ಯಾವ ಗಿರಾಕಿಗೂ ಬೆಲೆ ಹೇಳಬಾರದು. ಈ ಒಂದು ಶಿಸ್ತನ್ನು ಪಾಲಿಸುವ ಅಂಗಡಿ ತಾಲೂಕಿಗೊಂದು ಇದ್ದರೂ ಹಲವು ಮನೆಗಳ ಯಂತ್ರ ಗುಜರಿಗೆ ಹೋಗುವುದು ತಪ್ಪೀತು, ಅಂಗಡಿಯವರ ಗಲ್ಲೆಗೂ ನ್ಯಾಯವಾದ ಆದಾಯ ಬಂದೀತು.